ಕಬ್ಬಿನ ಟ್ರ್ಯಾಲಿಯನ್ನು ಕಾರು ಏಕೆ ಗುರುತಿಸಲಿಲ್ಲ?

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಐದು ಪತ್ರಗಳು ಒಂದೇ ವಿಷಯವನ್ನು ಕುರಿತು ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಮುಂದಿನ ವಾಹನಕ್ಕೆ ತಕ್ಕಂತೆ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡುವ, ಪಥದ ಗೆರೆಗಳ ನಡುವೆ ಸ್ಟೇರಿಂಗನ್ನು ಹಿಡಿದಿಡುವ, ಅಪಾಯ ಎದುರಾದಾಗ ತಾನಾಗಿ ಬ್ರೇಕ್ ಹಾಕುವ ಸೌಲಭ್ಯಗಳಿಗೆ ಒಟ್ಟಾಗಿ ‘ಅಡಾಸ್’ ಎನ್ನುವ ರೂಢಿ ಬಂದಿದೆ. 2020ರ ಸುಮಾರಿಗೆ ದುಬಾರಿ ಕಾರುಗಳಲ್ಲಷ್ಟೇ ಕಾಣುತ್ತಿದ್ದ ಇವು ಈಗ ಮಧ್ಯಮ ವರ್ಗದವರ ಕಾರುಗಳಿಗೂ ಬಂದಿವೆ. ಆದರೆ ಕಾರಿನ ಕೀಲಿಯನ್ನು ಕೈಗಿಡುವ ದಿನ ಎದುರಿಗೆ ಕೂರಿಸಿಕೊಂಡು ಇವುಗಳ ಮಿತಿಯನ್ನು ಹೇಳಿಕೊಡುವವರು ಕಡಿಮೆ. ಐದೂ ಪತ್ರಗಳ ಹಿಂದೆ ಇರುವ ಆತಂಕ ಅದೇ ಆಗಿದೆ.

ಪ್ರಶ್ನೆ: ಡಿಸೆಂಬರಿನಲ್ಲಿ ಒಂದು ರಾತ್ರಿ ಎಂಟರ ಸುಮಾರಿಗೆ ಕುಟುಂಬದೊಡನೆ ಹುಮನಾಬಾದಿನಿಂದ ಬೀದರ್ ಕಡೆಗೆ ಬರುತ್ತಿದ್ದೆ. ವೇಗವನ್ನು 80ಕ್ಕೆ ನಿಗದಿ ಮಾಡಿ ಕಾರಿಗೆ ಒಪ್ಪಿಸಿದ್ದೆ. ಮುಂದೆ ಹೋಗುತ್ತಿದ್ದ ಕಾರು ಒಮ್ಮೆಲೇ ಬಲಕ್ಕೆ ಸರಿಯಿತು. ಅದರ ಮುಂದೆ ಕಬ್ಬು ತುಂಬಿದ ಟ್ರ್ಯಾಲಿಯೊಂದು ಪಂಕ್ಚರ್ ಆಗಿ ದೀಪವಿಲ್ಲದೆ ನಿಂತಿತ್ತು. ನನ್ನ ಕಾರು ನಿಲ್ಲುವ ಬದಲು ವೇಗ ಹೆಚ್ಚಿಸಿತು! ನಾನೇ ಬ್ರೇಕ್ ಒತ್ತಿ ಹೇಗೋ ಪಾರಾದೆ. ಶೋರೂಮಿನವರು ಪರೀಕ್ಷಿಸಿ ದೋಷವೇನೂ ಇಲ್ಲ ಎಂದರು. ಹಾಗಾದರೆ ಆದದ್ದೇನು?
— ಕಬ್ಬು ಬೆಳೆಗಾರರು, ಭಾಲ್ಕಿ ತಾಲ್ಲೂಕು

ಉತ್ತರ: ನೀವೂ ಮನೆಯವರೂ ಸುರಕ್ಷಿತವಾಗಿ ಊರು ಸೇರಿದ್ದು ನೆಮ್ಮದಿಯ ಸಂಗತಿ. ಶೋರೂಮಿನವರು ಹೇಳಿದ್ದು ನಿಜವೇ ಇರಬೇಕು. ಕಾರು ಕೆಟ್ಟು ಹೀಗೆ ನಡೆದುಕೊಂಡದ್ದಲ್ಲ, ಅದನ್ನು ರೂಪಿಸಿದ ಬಗೆಯೇ ಹಾಗಿದೆ.

ಇಂಥ ಅನೇಕ ಕಾರುಗಳ ಬಂಪರು ಅಥವಾ ಗ್ರಿಲ್ಲಿನ ಹಿಂದೆ ರೇಡಾರ್ ಇರುತ್ತದೆ. ಅದು 77 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಗಳನ್ನು ಬಿಟ್ಟು, ತಗುಲಿ ಮರಳಿದ ಅಲೆಯ ಆವರ್ತನದಲ್ಲಿ ಆದ ವ್ಯತ್ಯಾಸದಿಂದ ಮುಂದಿನ ವಸ್ತುವಿನ ವೇಗವನ್ನು ಲೆಕ್ಕ ಹಾಕುತ್ತದೆ. ಓಡುತ್ತಿರುವ ವಾಹನವನ್ನು ಕತ್ತಲೆಯಲ್ಲೂ ಮಂಜಿನಲ್ಲೂ ಹಿಡಿಯುವುದರಲ್ಲಿ ಅದು ನಮ್ಮ ಕಣ್ಣಿಗಿಂತ ಮೇಲು. ಅದಕ್ಕೆ ಕಷ್ಟವಾಗುವುದು ನಿಂತ ವಸ್ತು. ನೀವು 80 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ನಿಂತ ಟ್ರ್ಯಾಲಿ, ರಸ್ತೆಬದಿಯ ಫಲಕ, ಸೇತುವೆಯ ಕಟಕಟೆ, ಮೇಲುಸೇತುವೆಯ ಕಬ್ಬಿಣ ಎಲ್ಲವೂ ಅದೇ 80ರ ವೇಗದಲ್ಲಿ ನಿಮ್ಮತ್ತ ಬರುತ್ತಿರುವಂತೆ ಅದಕ್ಕೆ ತೋರುತ್ತವೆ. ಇವೆಲ್ಲಕ್ಕೂ ಬ್ರೇಕ್ ಹಾಕುತ್ತ ಹೋದರೆ ಕಾರು ಒಂದು ಫರ್ಲಾಂಗ್ ಕೂಡ ನೆಟ್ಟಗೆ ಓಡಲಾರದು. ಆದ್ದರಿಂದ ಹೆಚ್ಚಿನ ವೇಗದಲ್ಲಿ, ಮೊದಲಿನಿಂದಲೂ ನಿಂತೇ ಇರುವ ವಸ್ತುಗಳಿಗೆ ಕಡಿಮೆ ಮಹತ್ವ ಕೊಡುವಂತೆಯೂ, ಎದುರಿನ ಗಾಜಿನ ಮೇಲ್ಭಾಗದಲ್ಲಿರುವ ಕ್ಯಾಮೆರಾ ಅದನ್ನು ವಾಹನವೆಂದು ಗುರುತಿಸಿದರೆ ಮಾತ್ರ ಬ್ರೇಕ್ ಹಾಕುವಂತೆಯೂ ಅನೇಕ ವ್ಯವಸ್ಥೆಗಳನ್ನು ರೂಪಿಸಲಾಗಿದೆ. ಕೆಲವು ಕಾರುಗಳಲ್ಲಿ ರೇಡಾರೇ ಇಲ್ಲ, ಎಲ್ಲ ಭಾರವೂ ಕ್ಯಾಮೆರಾದ ಮೇಲೆಯೇ ಇದೆ.

ಇನ್ನು ಆ ಕ್ಯಾಮೆರಾಕ್ಕೆ ನಮ್ಮ ಕಬ್ಬಿನ ಟ್ರ್ಯಾಲಿ ಹೇಗೆ ಕಂಡಿರಬಹುದೆಂದು ಯೋಚಿಸಿ. ವಾಹನದ ಹಿಂಭಾಗವೆಂದರೆ ಎರಡು ಕೆಂಪು ದೀಪ, ನಡುವೆ ನಂಬರ್ ಪ್ಲೇಟು, ಕೆಳಗೆ ಎರಡು ಗಾಲಿ ಎಂದು ಸಾವಿರಾರು ಚಿತ್ರಗಳಿಂದ ಅದು ಕಲಿತುಕೊಂಡಿರುತ್ತದೆ. ಹೊಲದಿಂದ ಕಾರ್ಖಾನೆಗೆ ಹೊರಟ ಟ್ರ್ಯಾಲಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಕಬ್ಬಿನ ತುದಿಗಳು ಹಿಂದಕ್ಕೆ ಚಾಚಿರುತ್ತವೆ, ಸೋಗೆ ಇಳಿಬಿದ್ದು ದೀಪವಿದ್ದರೂ ಅದನ್ನು ಮುಚ್ಚಿರುತ್ತದೆ, ಗಾಳಿಗೆ ಅಲುಗಾಡುವ ಆ ಮಬ್ಬು ರಾಶಿ ರಾತ್ರಿಯ ಹೊತ್ತು ರಸ್ತೆಬದಿಯ ಗಿಡಗಂಟಿಯಂತೆಯೇ ತೋರುತ್ತದೆ. ಮುಂದಿನ ಕಾರು ಪಕ್ಕಕ್ಕೆ ಸರಿದ ಕ್ಷಣ ನಿಮ್ಮ ಕಾರಿಗೆ ದಾರಿ ತೆರವಾದಂತೆ ಅನಿಸಿತು. ನೀವು ಹೇಳಿಟ್ಟ 80ನ್ನು ಮುಟ್ಟಲು ಅದು ವೇಗ ಹೆಚ್ಚಿಸಿತು. ಬಹುತೇಕ ಕಾರುಗಳ ಕೈಪಿಡಿಯಲ್ಲಿ ಈ ಸನ್ನಿವೇಶದ ಬಗ್ಗೆ ಎಚ್ಚರಿಕೆ ಇದೆ, ಆದರೆ ನಾನೂರು ಪುಟದ ನಡುವೆ ಎಲ್ಲೋ ಒಂದು ಕಡೆ.

ಕಳೆದ ಜನವರಿಯಲ್ಲಿ ನಾನು ಇದನ್ನು ಕಣ್ಣಾರೆ ನೋಡಬೇಕೆಂದು ಹಗಲು ಹೊತ್ತಿನಲ್ಲಿ ಜೇವರ್ಗಿಯಿಂದ ಕಲಬುರಗಿಗೆ ಬಂದೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ನಿಧಾನವಾಗಿ ಓಡಿಸುತ್ತಿದ್ದೆ. ಮುಂದಿನ ವಾಹನ ಗುರುತು ಸಿಕ್ಕಾಗ ಮೀಟರ್ ಫಲಕದಲ್ಲಿ ಮೂಡುವ ಪುಟ್ಟ ಕಾರಿನ ಚಿಹ್ನೆಯನ್ನು ನೋಡುತ್ತ ಹೇಳುತ್ತಿರಬೇಕೆಂದು ಪಕ್ಕದಲ್ಲಿದ್ದ ಗೆಳೆಯರನ್ನು ಕೇಳಿಕೊಂಡಿದ್ದೆ. ಸಾರಿಗೆ ಸಂಸ್ಥೆಯ ಬಸ್ಸು ಬಂದಾಗ ಬಹು ದೂರದಿಂದಲೇ “ಬಂತು” ಎಂದರು. ಟಂಟಂ ಬಂದಾಗಲೂ ಹಾಗೆಯೇ ಹೇಳಿದರು. ಹತ್ತಿ ಹೇರಿಕೊಂಡು ರಸ್ತೆಯ ಅರ್ಧಕ್ಕೆ ಚಾಚಿಕೊಂಡಿದ್ದ ಟ್ರ್ಯಾಕ್ಟರು ನನ್ನ ಕಣ್ಣಿಗೆ ಬಿದ್ದು ಬಹಳ ಹೊತ್ತಾಗಿ, ನಾನು ಬ್ರೇಕ್ ಒತ್ತಲು ಶುರು ಮಾಡಿದ ಮೇಲೆ ಚಿಹ್ನೆ ಮೂಡಿತು. ಮೇವಿನ ಹೊರೆ ಹೇರಿಕೊಂಡ ಬೈಕಿಗೆ ಚಿಹ್ನೆ ಬಂದು ಬಂದು ಹೋಯಿತು. ಎತ್ತಿನ ಬಂಡಿಗೂ, ಭೀಮಾ ಸೇತುವೆಯ ಈಚೆಗೆ ರಸ್ತೆ ದಾಟುತ್ತಿದ್ದ ಕುರಿಹಿಂಡಿಗೂ ಗೆಳೆಯರು ಬಾಯಿ ತೆರೆಯಲೇ ಇಲ್ಲ. ಇದು ಒಂದು ಕಾರಿನ, ಒಂದು ದಿನದ ಅನುಭವವಷ್ಟೇ. ಆದರೂ ನೀವು ನಿಮ್ಮ ಕಾರಿನಲ್ಲಿ ಹೀಗೆಯೇ ಒಮ್ಮೆ ಹಗಲಲ್ಲಿ ನೋಡಿಕೊಂಡರೆ, ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಯಾರ ಉಪದೇಶವೂ ಇಲ್ಲದೆ ಮನದಟ್ಟಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಮುಂದಿನ ಕಾರಿನಿಂದ ಎರಡು ಸೆಕೆಂಡಿನ ಅಂತರ ಇಟ್ಟುಕೊಂಡಿದ್ದೀರೆಂದರೆ ನಿಮ್ಮ ನಡುವೆ 44 ಮೀಟರ್ ಇರುತ್ತದೆ. ಆದರೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಮತ್ತೆ ಸುಮಾರು ಅಷ್ಟೇ ಬೇಕು. ಓಡುತ್ತಿರುವ ಕಾರಿನ ಹಿಂದೆ ಸಾಕಾಗುವ ಅಂತರ, ಆ ಕಾರಿನ ಮರೆಯಲ್ಲಿ ನಿಂತ ಟ್ರ್ಯಾಲಿಗೆ ಸಾಲುವುದಿಲ್ಲ. ಆದ್ದರಿಂದ ಕಬ್ಬು ನುರಿಸುವ ಹಂಗಾಮಿನಲ್ಲಿ, ಕತ್ತಲಾದ ಮೇಲೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ವೇಗ ಕಾಯುವ ಕೆಲಸವನ್ನು ಕಾರಿಗೆ ಒಪ್ಪಿಸಲೇಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಹಗಲಲ್ಲಿ ಬಳಸುವುದಾದರೆ ಅಂತರದ ಗುಂಡಿಯನ್ನು ಅತಿ ದೂರದ ಮಟ್ಟದಲ್ಲಿಡಿ, ಮುಂದಿನ ಕಾರನ್ನಷ್ಟೇ ನೋಡದೆ ಅದರ ಗಾಜಿನಾಚೆಗೂ ದೃಷ್ಟಿ ಇರಲಿ.

ನೀವೂ ಕಬ್ಬು ಬೆಳೆಯುವವರೆಂದು ಬರೆದಿದ್ದೀರಿ, ಹಾಗಾಗಿ ಒಂದು ಕೋರಿಕೆ. ನಿಮ್ಮ ಟ್ರ್ಯಾಲಿಯ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಯನ್ನು ಅಂಟಿಸಿರಬಹುದು, ಆದರೆ ಸೋಗೆ ಇಳಿಬಿದ್ದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹೇರು ಕಟ್ಟಿದ ನಂತರ, ಹೊರಗಿನಿಂದ, ಹಗ್ಗಕ್ಕೆ ಬಿಗಿದ ಒಂದು ಅಗಲವಾದ ಪ್ರತಿಫಲಕ ಬಟ್ಟೆಯನ್ನು ಇಳಿಬಿಡಿ. ಗಾಡಿ ಕೆಟ್ಟು ನಿಂತರೆ ಕಲ್ಲುಗಳನ್ನಿಡುವ ಬದಲು ಐವತ್ತು ಹೆಜ್ಜೆ ಹಿಂದೆ ತ್ರಿಕೋನ ಫಲಕವಿಡಿ. ರಾತ್ರಿಯ ರಸ್ತೆಯಲ್ಲಿ ಕ್ಯಾಮೆರಾಕ್ಕಿಂತ ಮೊದಲು ಮನುಷ್ಯರ ಕಣ್ಣಿಗೆ ಅದರಿಂದ ಉಪಕಾರವಾಗುತ್ತದೆ.

ಪ್ರಶ್ನೆ: ಮಗಳನ್ನು ನೋಡಲು ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತೇವೆ. ಸುತ್ತಾದರೂ ನಾಲ್ಕು ಪಥದ ರಸ್ತೆ ಹೆಚ್ಚು ಸಿಗುತ್ತದೆಂದು ವಿಜಯಪುರ, ಹೊಸಪೇಟೆ, ಚಿತ್ರದುರ್ಗದ ಮೇಲೆ ಹೋಗುವುದು ರೂಢಿ. ಹೊಸ ಕಾರು ಬಂದ ಮೇಲೆ ನಮ್ಮ ಮನೆಯವರು ವಿಜಯಪುರ ದಾಟಿದ ಕೂಡಲೇ ಬಲಗಾಲನ್ನು ಮಡಚಿ ಕುಳಿತು, ಸ್ಟೇರಿಂಗಿಗೆ ಎರಡು ಬೆರಳು ತಾಗಿಸಿ, ಮೊಬೈಲಿನಲ್ಲಿ ಬಂದ ಸಂದೇಶಗಳನ್ನು ನೋಡುತ್ತಾರೆ. ಕೇಳಿದರೆ “ಆರು ತಿಂಗಳಲ್ಲಿ ಒಮ್ಮೆಯೂ ತಪ್ಪಿಲ್ಲ” ಎನ್ನುತ್ತಾರೆ. ನನಗೆ ದಾರಿಯುದ್ದಕ್ಕೂ ಜೀವ ಕೈಯಲ್ಲಿರುತ್ತದೆ. ನನ್ನ ಭಯ ಅತಿಯಾಯಿತೇ?
— ಶಿಕ್ಷಕಿ, ಕಲಬುರಗಿ

ಉತ್ತರ: ನಿಮ್ಮ ಭಯ ಅತಿಯಲ್ಲ. ಅವರು ಹೇಳಿದ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ವಿಭಜಕವಿರುವ, ಗೆರೆಗಳು ಸ್ಪಷ್ಟವಾಗಿರುವ ರಸ್ತೆಯಲ್ಲಿ ಹಗಲು ಹೊತ್ತು ಈ ವ್ಯವಸ್ಥೆ ನಿಜವಾಗಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಆರು ತಿಂಗಳು ತಪ್ಪಿಲ್ಲದ್ದೇ ನನಗೆ ಹೆಚ್ಚು ಕಳವಳ ತರುತ್ತದೆ. ದಿನಕ್ಕೊಮ್ಮೆ ತಪ್ಪುವ ಯಂತ್ರವನ್ನು ಯಾರೂ ನಂಬಿ ಕೂರುವುದಿಲ್ಲ. ಆರು ತಿಂಗಳು ಸರಿಯಾಗಿ ನಡೆದ ಯಂತ್ರ ಏಳನೆಯ ತಿಂಗಳು ತಪ್ಪುವ ಹೊತ್ತಿಗೆ ನಮ್ಮ ಕಣ್ಣು ರಸ್ತೆಯ ಮೇಲಿರುವುದಿಲ್ಲ.

ಇದರಲ್ಲಿ ನಿಮ್ಮ ಯಜಮಾನರ ಸ್ವಭಾವದ ತಪ್ಪು ಕಡಿಮೆ, ಮನುಷ್ಯನ ಮಿದುಳಿನ ಮಿತಿ ಹೆಚ್ಚು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆಯನ್ನು ಕಾಯುತ್ತಿದ್ದ ಬ್ರಿಟಿಷ್ ವಾಯುಪಡೆಯ ಸಿಬ್ಬಂದಿ ಕಣ್ಣೆದುರಿನ ಗುರುತುಗಳನ್ನೇ ಏಕೆ ತಪ್ಪಿಸಿಕೊಳ್ಳುತ್ತಾರೆಂದು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಪರೀಕ್ಷಿಸಿದರು. ಅಂಕಿಗಳಿಲ್ಲದ ಗಡಿಯಾರದ ಮುಂದೆ ಜನರನ್ನು ಕೂರಿಸಿ, ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿದಾಗ ಗುಂಡಿ ಒತ್ತುವಂತೆ ಹೇಳಿದರು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿಯೇ ಅವರ ಗಮನ ಗಣನೀಯವಾಗಿ ಕುಗ್ಗಿತ್ತು. 1948ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿನ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ. ಕೈಗೆ ಕೆಲಸವಿಲ್ಲದೆ ಬರಿದೇ ಕಾಯುತ್ತ ಕುಳಿತುಕೊಳ್ಳುವುದು ಕಾರು ಓಡಿಸುವುದಕ್ಕಿಂತ ಕಷ್ಟದ ಕೆಲಸ, ಅದಕ್ಕೇ ಕೈ ಮೊಬೈಲಿನತ್ತ ಹೋಗುತ್ತದೆ.

ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸುವ ಪದ್ಧತಿ ಇದೆ. ನಮ್ಮ ಮಾರುಕಟ್ಟೆಯ ಈ ಕಾರುಗಳು ಎರಡನೆಯ ಹಂತವನ್ನು ಮೀರಿದವಲ್ಲ. ಆ ಹಂತದಲ್ಲಿ ಸ್ಟೇರಿಂಗು ಮತ್ತು ವೇಗ ಎರಡನ್ನೂ ಕಾರು ನಿಭಾಯಿಸುತ್ತಿದ್ದರೂ ರಸ್ತೆಯನ್ನು ಕ್ಷಣಕ್ಷಣವೂ ಗಮನಿಸುವ ಹೊಣೆ ಚಾಲಕನದೇ. ಕಾನೂನಿನ ದೃಷ್ಟಿಯಲ್ಲಿಯೂ ಹಾಗೆಯೇ. ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು, 2019ರ ತಿದ್ದುಪಡಿಯ ಬಳಿಕ, ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಕಾರು ತಾನೇ ಓಡುತ್ತಿತ್ತು ಎಂಬ ವಿವರಣೆಗೆ ಅಲ್ಲಿ ಬೆಲೆಯಿಲ್ಲ. ನೂರರ ವೇಗದಲ್ಲಿ ಐದು ಸೆಕೆಂಡ್ ಸಂದೇಶ ಓದಿದರೆ ಕಾರು ಸುಮಾರು 140 ಮೀಟರ್ ಮುಂದೆ ಹೋಗಿರುತ್ತದೆ. ಆ ದೂರದಲ್ಲಿ ಎದುರಿನಿಂದ ರಾಂಗ್ ಸೈಡಿನಲ್ಲಿ ಬೈಕೊಂದು ಬರುವುದು ನಮ್ಮ ನಾಲ್ಕು ಪಥದ ರಸ್ತೆಗಳಲ್ಲಿ ದಿನನಿತ್ಯದ ಸಂಗತಿ.

ಕಾಲು ಮಡಚುವುದರ ಬಗ್ಗೆಯೂ ಹೇಳಬೇಕು. ಕ್ರೂಸ್ ಕಂಟ್ರೋಲನ್ನು, ಅಂದರೆ ನಿಗದಿ ಮಾಡಿದ ವೇಗವನ್ನು ಕಾಯುವ ಸೌಲಭ್ಯವನ್ನು, ರೂಪಿಸಿದವರು ಅಮೆರಿಕದ ರಾಲ್ಫ್ ಟೀಟರ್ ಎಂಬ ಎಂಜಿನಿಯರು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಅವರಿಗೆ, ಜೊತೆಯವರು ಓಡಿಸುವ ಕಾರು ಮುಗ್ಗರಿಸುತ್ತ ಸಾಗುವುದು ಮೈಗೆಲ್ಲ ತಿಳಿಯುತ್ತಿತ್ತು, ಅದರಿಂದಲೇ ಈ ಯೋಚನೆ ಹುಟ್ಟಿತು. 1958ರ ಹೊತ್ತಿಗೆ ಅದು ಕಾರುಗಳಲ್ಲಿ ಬಂದಿತ್ತು. ಆಕ್ಸಿಲರೇಟರ್ ಒತ್ತಿ ಒತ್ತಿ ಸೋಲುವ ಕಾಲಿಗೆ ಬಿಡುವು ಕೊಡುವುದು ಅದರ ಕೆಲಸ. ಬ್ರೇಕಿಗೆ ಹೋಗಬೇಕಾದ ಕಾಲನ್ನೇ ಸೀಟಿನ ಮೇಲೆ ಮಡಚಿಟ್ಟರೆ, ಬಿಡಿಸಿಕೊಂಡು ಕೆಳಗಿಡುವಷ್ಟರಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚು ಕಳೆಯುತ್ತದೆ. ವೇಗ ಕಾಯುವ ವ್ಯವಸ್ಥೆ ತಾನಾಗಿ ಹಾಕುವ ಬ್ರೇಕ್, ಸಾಮಾನ್ಯವಾಗಿ, ಕಾರಿನ ಪೂರ್ಣ ಬ್ರೇಕಿನ ಅರ್ಧಕ್ಕಿಂತ ಕಡಿಮೆ ಶಕ್ತಿಯದು. ಉಳಿದರ್ಧಕ್ಕೆ ಆ ಕಾಲೇ ಬೇಕು. ಹಿಮ್ಮಡಿ ನೆಲಕ್ಕೂರಿ, ಪಾದ ಬ್ರೇಕಿನ ಎದುರಿಗಿರಲಿ.

ಜಗಳವಾಡಿ ಇದನ್ನು ಬಿಡಿಸಲು ಆಗಲಿಕ್ಕಿಲ್ಲ. ನನ್ನ ಪರಿಚಯದ ಒಂದು ಮನೆಯಲ್ಲಿ ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇನೆ. ಪಕ್ಕದಲ್ಲಿ ಕುಳಿತವರು ಆಗಾಗ “ಮುಂದೆ ಯಾವ ಗಾಡಿ? ಅದರ ಮುಂದೆ?” ಎಂದು ಕೇಳುತ್ತಾರೆ, ಓಡಿಸುವವರು ರಸ್ತೆ ನೋಡಿ ಉತ್ತರ ಹೇಳುತ್ತಾರೆ. ಮೊಬೈಲು ಹಿಂದಿನ ಸೀಟಿನ ಚೀಲದಲ್ಲಿರುತ್ತದೆ. ಅರ್ಧ ಗಂಟೆ ಕಾರಿಗೆ ಬಿಟ್ಟರೆ ಮುಂದಿನ ಅರ್ಧ ಗಂಟೆ ತಾವೇ ಓಡಿಸುತ್ತಾರೆ, ಎರಡು ಗಂಟೆಗೊಮ್ಮೆ ಇಳಿದು ಚಹಾ ಕುಡಿಯುತ್ತಾರೆ. ಕಲಬುರಗಿಯಿಂದ ಜೇವರ್ಗಿ, ಸಿಂದಗಿ ಹಾದು ವಿಜಯಪುರ ಮುಟ್ಟುವವರೆಗಿನ ಎರಡು ಪಥದ ದಾರಿಯಲ್ಲಿ ಪೂರ್ತಿ ಕೈಯಲ್ಲೇ ಓಡಿಸಲಿ. ಈ ಪತ್ರಿಕೆಯನ್ನು ಅವರ ಕೈಗೂ ಕೊಡಿ.

ಪ್ರಶ್ನೆ: ಜೇವರ್ಗಿ ರಸ್ತೆಯಲ್ಲಿ ಬಂಡಿಯನ್ನೋ ಸೈಕಲ್ಲನ್ನೋ ತಪ್ಪಿಸಲು ಬಲಕ್ಕೆ ಸರಿದರೆ ಸ್ಟೇರಿಂಗ್ ನನ್ನ ಕೈಯನ್ನು ಎಡಕ್ಕೆ ಎಳೆಯುತ್ತದೆ. ಪ್ರಯಾಣಿಕರ ಕ್ರೂಸರ್ ಜೀಪುಗಳು ನಡುವೆ ನುಗ್ಗಿದರೆ ಕಾರು ಬ್ರೇಕ್ ಹಾಕುತ್ತದೆ, ಹಿಂದಿನ ಲಾರಿ ಗುದ್ದೀತೆಂಬ ಹೆದರಿಕೆ. ಇವನ್ನೆಲ್ಲ ಆರಿಸಿಬಿಡುವುದು ಒಳ್ಳೆಯದಲ್ಲವೇ?
— ಹತ್ತಿ ವ್ಯಾಪಾರಿ, ಶಹಾಪುರ

ಉತ್ತರ: ಎಲ್ಲವನ್ನೂ ಆರಿಸಬೇಡಿ, ಒಂದನ್ನು ಆರಿಸಿ. ಪಥ ಕಾಯುವ ಸೌಲಭ್ಯ ನಂಬಿರುವುದು ರಸ್ತೆಯ ಬಿಳಿ ಗೆರೆಯನ್ನು. ನೀವು ಇಂಡಿಕೇಟರ್ ಹಾಕದೆ ಗೆರೆ ದಾಟಿದರೆ ಚಾಲಕನಿಗೆ ತೂಕಡಿಕೆ ಬಂತೆಂದು ತಿಳಿದು ಹಿಂದಕ್ಕೆ ಎಳೆಯುತ್ತದೆ. ಇಂಡಿಕೇಟರ್ ಹಾಕಿ ಸರಿದರೆ ಸುಮ್ಮನಿರುತ್ತದೆ. ಆದರೆ ಎರಡು ಪಥದ ರಸ್ತೆಯಲ್ಲಿ ಎದುರಿನಿಂದ ಬಸ್ಸು ಓವರ್‌ಟೇಕ್ ಮಾಡುತ್ತ ಬಂದಾಗ ನೀವು ಎಡಗಡೆಯ ಅಂಚಿಗೆ ಇಳಿಯಲೇಬೇಕಾಗುತ್ತದೆ. ಆಗ ಇಂಡಿಕೇಟರ್ ಹಾಕುವ ವ್ಯವಧಾನ ಯಾರಿಗಿರುತ್ತದೆ? ಕಾರು ನಿಮ್ಮನ್ನು ಗೆರೆಯೊಳಕ್ಕೆ, ಅಂದರೆ ಬಸ್ಸಿನತ್ತಲೇ, ಎಳೆಯಲು ನೋಡುತ್ತದೆ. ಆ ಎಳೆತ ಹಗುರವಾದದ್ದು, ಗಟ್ಟಿಯಾಗಿ ತಿರುಗಿಸಿದರೆ ನಿಮ್ಮ ಕೈಯೇ ಗೆಲ್ಲುತ್ತದೆ. ಆದರೂ ಆ ಹೊತ್ತಿನಲ್ಲಿ ಅಂಥ ಗಲಿಬಿಲಿ ಬೇಡ. ಶಹಾಪುರದಿಂದ ಹೊರಡುವ ಮುನ್ನ ಅದನ್ನು ಆರಿಸಿ. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಅದು ತಾನಾಗಿ ಮತ್ತೆ ಹತ್ತಿಕೊಳ್ಳುತ್ತದೆ, ಚಹಾ ಕುಡಿದು ಹೊರಟಾಗಲೂ ಒಮ್ಮೆ ನೋಡಿಕೊಳ್ಳಿ.

ತುರ್ತು ಬ್ರೇಕನ್ನು ಮಾತ್ರ ಎಂದಿಗೂ ಆರಿಸಬೇಡಿ. ನೀವು ಗಮನಿಸದೆ ಹೋದ ಒಂದೇ ಒಂದು ಸಲಕ್ಕಾಗಿ ಅದು ಇರುವುದು. ಪೂರ್ತಿ ನಿಲ್ಲಿಸಲಾಗದಿದ್ದರೂ ಗುದ್ದುವ ವೇಗವನ್ನು ತಗ್ಗಿಸಿದರೆ ಅಷ್ಟರಮಟ್ಟಿಗೆ ಜೀವಕ್ಕೆ ರಕ್ಷಣೆ. ಜೀಪು ನುಗ್ಗಿದಾಗ ಬ್ರೇಕ್ ಹಾಕುತ್ತಿರುವುದು ಹೆಚ್ಚಾಗಿ ವೇಗ ಕಾಯುವ ಸೌಲಭ್ಯವೇ. ಜನಸಂದಣಿಯ ರಸ್ತೆಯಲ್ಲಿ ಅದನ್ನು ಬಳಸದಿದ್ದರೆ ಆ ತೊಂದರೆ ಇಲ್ಲ. ಹಿಂದೆ ಲಾರಿ ಅಂಟಿಕೊಂಡು ಬರುತ್ತಿದ್ದರೆ ಎಡಕ್ಕೆ ಸರಿದು ಸೈಡ್ ಕೊಟ್ಟುಬಿಡಿ.

ಪ್ರಶ್ನೆ: ಸಿಮೆಂಟ್ ಲಾರಿಯಿಂದ ಸಿಡಿದ ಕಲ್ಲಿಗೆ ಎದುರಿನ ಗಾಜು ಒಡೆಯಿತು. ಹೊರಗಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಹೊಸ ಗಾಜು ಹಾಕಿಸಿದೆ. ಈಗ ಎಚ್ಚರಿಕೆಯ ಸದ್ದು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದೆ.
— ಓದುಗರು, ವಾಡಿ

ಉತ್ತರ: ಕ್ಯಾಮೆರಾ ಆ ಗಾಜಿಗೇ ಅಂಟಿಕೊಂಡಿರುತ್ತದೆ. ಗಾಜು ಬದಲಾದಾಗ ಅದರ ದಿಕ್ಕು ಕೂದಲೆಳೆಯಷ್ಟು ಓರೆಯಾದರೂ ನೂರು ಮೀಟರ್ ದೂರದಲ್ಲಿ ಪಕ್ಕದ ಪಥದ ವಾಹನ ನಿಮ್ಮ ಪಥದಲ್ಲಿರುವಂತೆ ತೋರಬಹುದು. ತಯಾರಕರ ಸರ್ವಿಸ್ ಕೇಂದ್ರದಲ್ಲಿ ಅದನ್ನು ಮರುಹೊಂದಿಸುವ ಉಪಕರಣ ಇರುತ್ತದೆ, ಅಲ್ಲಿ ಮಾಡಿಸುವವರೆಗೆ ಸೌಲಭ್ಯಗಳನ್ನು ನಂಬಬೇಡಿ. ನಿಮ್ಮ ಭಾಗದ ಸುಣ್ಣಕಲ್ಲಿನ ಧೂಳು, ಮಳೆಗಾಲದ ಎರೆಮಣ್ಣಿನ ಕೆಸರು ರೇಡಾರಿನ ಮುಚ್ಚಳದ ಮೇಲೆ ಹೆಪ್ಪುಗಟ್ಟುತ್ತವೆ. ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ತೆಗೆಸಿಬಿಡಿ. ಅದು ರೇಡಾರಿಗೆ ಅಡ್ಡಿ, ಮೇಲಾಗಿ 2017ರಿಂದ ಸರ್ಕಾರ ಅದನ್ನು ಕಾನೂನುಬಾಹಿರವೆಂದು ಹೇಳಿದೆ.

ಪ್ರಶ್ನೆ: ನಾನು 26 ವರ್ಷದ ಬಾಡಿಗೆ ಕಾರಿನ ಚಾಲಕ. ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ರಾತ್ರಿ ಪ್ರಯಾಣಿಕರನ್ನು ಬಿಟ್ಟು ಬೆಳಗಿನ ಜಾವ ಖಾಲಿ ಕಾರಿನಲ್ಲಿ ಮರಳುತ್ತೇನೆ. ಜಹೀರಾಬಾದ್ ದಾಟುವಾಗ ತೂಕಡಿಕೆ ಬರುತ್ತದೆ. ಮಾಲೀಕರು ಹೊಸ ಕಾರಿನಲ್ಲಿ ಅಡಾಸ್ ಇರುವುದರಿಂದ ಹೆದರಬೇಡ ಎನ್ನುತ್ತಾರೆ. ನಂಬಬಹುದೇ?
— ಚಾಲಕ, ಕಲಬುರಗಿ

ಉತ್ತರ: ನಂಬಬೇಡಿ. ಕಣ್ಣು ನಾಲ್ಕು ಸೆಕೆಂಡ್ ಮುಚ್ಚಿದರೆ 90ರ ವೇಗದಲ್ಲಿ ಕಾರು 100 ಮೀಟರ್ ಹೋಗಿರುತ್ತದೆ. ನಾಲ್ಕು ಪಥದ ರಸ್ತೆಯಾದ್ದರಿಂದ ಗೆರೆ ದಾಟಿದಾಗ ಸ್ಟೇರಿಂಗು ನಡುಗಿ ಒಮ್ಮೆ ಎಚ್ಚರಿಸಬಹುದು. ಆದರೆ ಆ ಸೌಲಭ್ಯ ಕಾರನ್ನು ಪಥದೊಳಗೆ ನೇರವಾಗಿ ಒಯ್ಯುತ್ತಿದ್ದರೆ, ನಿದ್ದೆಯಲ್ಲಿರುವ ಚಾಲಕನನ್ನು ನೇರವಾಗಿಯೇ ನಿಂತ ಲಾರಿಯ ಹಿಂದಕ್ಕೆ ಒಯ್ಯುತ್ತದೆ. ಮೇಲೆ ಮೊದಲ ಉತ್ತರದಲ್ಲಿ ಹೇಳಿದ ಹಾಗೆ, ನಿಂತ ವಾಹನವೇ ಅದಕ್ಕೆ ಅತ್ಯಂತ ಕಷ್ಟದ ವಸ್ತು. ಕೈಗೆ, ಕಾಲಿಗೆ ಕೆಲಸ ಕಡಿಮೆಯಾದಷ್ಟೂ ನಿದ್ದೆ ಬೇಗ ಹತ್ತುತ್ತದೆ ಎಂಬುದನ್ನೂ ಮರೆಯಬೇಡಿ. ತೂಕಡಿಕೆ ಬರುವ ದಿನ ವೇಗ ಕಾಯುವ ಗುಂಡಿಯನ್ನು ಮುಟ್ಟದಿರುವುದೇ ಮೇಲು.

ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇವುಗಳಿಂದ ಕೆಲವು ನಿಮಿಷ ಮಾತ್ರ ಪ್ರಯೋಜನ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ಇಳಿದ ಮೇಲೆ ಅಲ್ಲಿನ ನಿಲುಗಡೆಯಲ್ಲಿಯೇ ಒಂದು ಗಂಟೆ ಮಲಗಿ ಹೊರಡಲು ಸಾಧ್ಯವೇ ನೋಡಿ. ದಾರಿಯಲ್ಲಿ ತೂಕಡಿಕೆ ಬಂದರೆ ರಸ್ತೆಯ ಅಂಚಿನಲ್ಲಿ ನಿಲ್ಲಿಸದೆ, ಬೆಳಕಿರುವ ಪೆಟ್ರೋಲ್ ಬಂಕಿನ ಒಳಗೆ ನಿಲ್ಲಿಸಿ. ಒಂದು ಲೋಟ ಖಡಕ್ ಚಹಾ ಅಥವಾ ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕುಡಿದದ್ದು ಕೆಲಸ ಮಾಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವ ಹೊತ್ತಿಗೆ ಎರಡರ ಉಪಕಾರವೂ ಸಿಗುತ್ತದೆ. ಎದ್ದ ಮೇಲೆ ಇಳಿದು ಹತ್ತು ಹೆಜ್ಜೆ ನಡೆದು ಹೊರಡಿ.

ಹುಮನಾಬಾದಿನಲ್ಲಿ ನಾಲ್ಕು ಪಥದ ಹೆದ್ದಾರಿಯನ್ನು ಬಿಟ್ಟು ಕಲಬುರಗಿಯ ಕಡೆ ಹೊರಳಿದ ಮೇಲೆ ರಸ್ತೆ ಕಿರಿದಾಗುತ್ತದೆ. ಆ ಹೊತ್ತಿಗೆ ಹೊಲಕ್ಕೆ ಹೊರಟ ಬಂಡಿಗಳೂ ಹಾಲಿನ ಬೈಕುಗಳೂ ರಸ್ತೆಗೆ ಇಳಿದಿರುತ್ತವೆ. ಹೊರಳುವ ಮುನ್ನ ಅಲ್ಲಿ ಇನ್ನೊಮ್ಮೆ ನಿಲ್ಲಿ. ತಡವಾಯಿತೆಂದು ಮಾಲೀಕರು ಕೇಳಿದರೆ ಈ ಪುಟವನ್ನು ತೋರಿಸಿ, ಅವರಿಗೂ ಪ್ರಶ್ನೆಗಳಿದ್ದರೆ ಈ ಅಂಕಣಕ್ಕೆ ಬರೆಯಲಿ, ಖಂಡಿತ ಉತ್ತರಿಸುತ್ತೇನೆ.